ಶಿವರಾಮ ಕಾರಂತ (ಜನಕಲೆ ಮತ್ತು ಪರಿಸರ ಕಾರ್ಯ)

ಕೋಟ ಶಿವರಾಮ ಕಾರಂತ (ಅಕ್ಟೋಬರ್ 10, 1902 – ಡಿಸೆಂಬರ್ 9, 1997) ಕನ್ನಡದ ಕಾದಂಬರಿಕಾರರು, ಯಕ್ಷಗಾನ ಸಂಶೋಧಕರು, ಶಿಕ್ಷಣ ಪ್ರಯೋಗಕಾರರು ಹಾಗೂ ಪರಿಸರ ಹೋರಾಟಗಾರರು. ‘ಕಡಲತೀರದ ಭಾರ್ಗವ’ ಎಂಬ ಹೆಸರಿನಿಂದಲೂ ಪ್ರಸಿದ್ಧರಾದ ಇವರಿಗೆ ‘ಮೂಕಜ್ಜಿಯ ಕನಸುಗಳು’ ಕಾದಂಬರಿಗಾಗಿ 1977ನೇ ಸಾಲಿನ ಜ್ಞಾನಪೀಠ ಪ್ರಶಸ್ತಿ ದೊರೆಯಿತು. ಸಾಹಿತ್ಯದಷ್ಟೇ ನಿಷ್ಠೆಯಿಂದ ಅವರು ತೊಡಗಿಕೊಂಡಿದ್ದ ಇನ್ನೆರಡು ಕ್ಷೇತ್ರಗಳು ಜನಕಲೆ ಮತ್ತು ಪರಿಸರ. ನೋಡುವವರನ್ನೂ ಒಳಗೊಳ್ಳುವ ಕಲೆಯ ಮೂಲಕ, ಕೈಯಿಂದ ಮಾಡಿ ಕಲಿಯುವ ಶಿಕ್ಷಣದ ಮೂಲಕ ನಿಸರ್ಗದ ಅರಿವನ್ನು ಜನಸಾಮಾನ್ಯರಿಗೆ ಮುಟ್ಟಿಸುವ ಪ್ರಯತ್ನಗಳಿಗೆ ಕರ್ನಾಟಕದಲ್ಲಿ ಕಾರಂತರ ಬದುಕು ಒಂದು ಮುಖ್ಯ ಪೂರ್ವ ನಿದರ್ಶನವಾಗಿದೆ. ಹವಾಮಾನ ಬದಲಾವಣೆಯ ವಿಷಯವನ್ನು ಕಲೆಯ ಮೂಲಕ ತಿಳಿಸುವ ಇಂದಿನ ಯತ್ನಗಳನ್ನು ಅಭ್ಯಾಸ ಮಾಡುವವರಿಗೆ ಈ ಬದುಕಿನ ಸಾಫಲ್ಯ ಮತ್ತು ಸೋಲು ಎರಡೂ ಉಪಯುಕ್ತ.

ಹಿನ್ನೆಲೆ

ಮಳೆ, ಬೆಳೆ, ಬರಗಳನ್ನು ಕುರಿತು ಊರೆಲ್ಲ ಕೂಡಿ ಹಾಡುವ, ಕುಣಿಯುವ ಪದ್ಧತಿ ಕನ್ನಡ ನಾಡಿಗೆ ಹೊಸದಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ವಿಜಯಪುರ ಸೀಮೆ ಮೊದಲಾದ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಗುರ್ಜಿ ಆಡುವ ರೂಢಿಯಿದೆ. ರೊಟ್ಟಿಯ ಹಂಚಿನ ಮೇಲೆ ಸಗಣಿಯ ಗುರ್ಜಿಯನ್ನಿಟ್ಟು, ಅದನ್ನು ತಲೆಯ ಮೇಲೆ ಹೊತ್ತ ಹುಡುಗನೊಬ್ಬ ಮನೆಮನೆಯ ಮುಂದೆ ಸುತ್ತುತ್ತಾನೆ. ಜೊತೆಗಿದ್ದವರು ಮಳೆರಾಯನನ್ನು ಕರೆದು ಹಾಡುತ್ತಾರೆ. ಮನೆಯವರು ಗುರ್ಜಿಯ ಮೇಲೆ ನೀರು ಸುರಿದು ಜೋಳವನ್ನೋ ಹಿಟ್ಟನ್ನೋ ನೀಡುತ್ತಾರೆ. ಇಲ್ಲಿ ಬರಿಯ ಪ್ರೇಕ್ಷಕರೆಂಬುವರು ಯಾರೂ ಇಲ್ಲ. ನೀರು ಸುರಿಯುವವರೂ ಆಟದ ಭಾಗವೇ.

ಕರಾವಳಿಯ ಯಕ್ಷಗಾನ ಬಯಲಾಟವೂ ಋತುಮಾನಕ್ಕೆ ಕಟ್ಟುಬಿದ್ದ ಕಲೆ. ಮಳೆಗಾಲ ಮುಗಿದು ಕೊಯ್ಲಾದ ಗದ್ದೆಗಳು ಬರಿದಾದಾಗ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ಮೇ ತಿಂಗಳ ಕೊನೆಯ ಭಾಗದಲ್ಲಿ ಬರುವ ಪತ್ತನಾಜೆಯ ಹೊತ್ತಿಗೆ ಗೆಜ್ಜೆ ಬಿಚ್ಚುತ್ತವೆ. ಹರಕೆಯ ಆಟಕ್ಕೆ ಟಿಕೆಟ್ ಇಲ್ಲ. ಊರಿಗೆ ಊರೇ ಬಂದು ಬಯಲಿನಲ್ಲಿ ಕುಳಿತು ಬೆಳಗಿನವರೆಗೆ ನೋಡುತ್ತದೆ. ಕಾರಂತರು ಹುಟ್ಟಿ ಬೆಳೆದದ್ದು ಇಂಥ ಪರಿಸರದಲ್ಲಿ.

ಜನನ ಮತ್ತು ಬಾಲ್ಯ

ಕಾರಂತರು ಇಂದಿನ ಉಡುಪಿ ಜಿಲ್ಲೆಯ ಕೋಟದಲ್ಲಿ ಜನಿಸಿದರು. ತಂದೆ ಶೇಷ ಕಾರಂತರು, ತಾಯಿ ಲಕ್ಷ್ಮಮ್ಮನವರು. ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಗದ್ದೆ ಮತ್ತು ಹಿನ್ನೀರು, ದೂರದಲ್ಲಿ ಸಹ್ಯಾದ್ರಿಯ ಸಾಲು. ಈ ಮೂರೂ ಮುಂದೆ ಅವರ ಕಾದಂಬರಿಗಳಲ್ಲಿ ಪಾತ್ರಗಳಷ್ಟೇ ಜೀವಂತವಾಗಿ ಕಾಣಿಸಿಕೊಂಡವು.

ಮಂಗಳೂರಿನಲ್ಲಿ ಕಾಲೇಜು ವಿದ್ಯಾಭ್ಯಾಸ ಮಾಡುತ್ತಿದ್ದಾಗ ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಓದನ್ನು ತೊರೆದರು. 1920ರ ದಶಕದಲ್ಲಿ ಖಾದಿ ಮತ್ತು ಸ್ವದೇಶಿ ಪ್ರಚಾರಕ್ಕಾಗಿ ಊರೂರು ಸುತ್ತಿದರು. ‘ವಸಂತ’ ಎಂಬ ಪತ್ರಿಕೆಯನ್ನು ನಡೆಸಿದರು. ಭಾಷಣವೊಂದರಿಂದಲೇ ಜನರ ಬದುಕು ಬದಲಾಗದು ಎಂಬ ಅನುಭವ ಅವರಿಗೆ ಈ ಕಾಲದಲ್ಲಿಯೇ ಆಯಿತು. ರಾಜಕೀಯ ಪ್ರಚಾರದಿಂದ ಕ್ರಮೇಣ ದೂರ ಸರಿದು ನಾಟಕ, ಛಾಯಾಗ್ರಹಣ, ನೃತ್ಯ, ಮೂಕಿಚಿತ್ರ, ಪತ್ರಿಕೋದ್ಯಮ ಹೀಗೆ ಹಲವು ಕ್ಷೇತ್ರಗಳಲ್ಲಿ ಕೈಯಾಡಿಸಿದರು. ಈ ಅಲೆದಾಟದ ಕಥೆಯನ್ನು ಅವರು ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂಬ ಆತ್ಮಕಥೆಯಲ್ಲಿ ವಿವರಿಸಿದ್ದಾರೆ.

ಬಾಲವನದ ಪ್ರಯೋಗಗಳು

1930ರ ದಶಕದಲ್ಲಿ ಕಾರಂತರು ದಕ್ಷಿಣ ಕನ್ನಡದ ಪುತ್ತೂರಿನಲ್ಲಿ ನೆಲೆಸಿ ‘ಬಾಲವನ’ವನ್ನು ಕಟ್ಟಿದರು. 1936ರಲ್ಲಿ ಲೀಲಾ ಅವರನ್ನು ವಿವಾಹವಾದರು. ಅಂತರ್ಜಾತೀಯವಾದ ಈ ವಿವಾಹ ಆ ಕಾಲಕ್ಕೆ ದಿಟ್ಟ ನಡೆಯಾಗಿತ್ತು. ಲೀಲಾ ಕಾರಂತರು ಬಾಲವನದ ಚಟುವಟಿಕೆಗಳಲ್ಲಿ ಸಮಭಾಗಿಯಾಗಿದ್ದರು.

ಬಾಲವನದಲ್ಲಿ ಮಕ್ಕಳು ಬರಿಯ ಪಾಠ ಒಪ್ಪಿಸುವವರಾಗಿರಲಿಲ್ಲ. ಆಟ, ಹಾಡು, ಕುಣಿತ, ನಾಟಕ, ಚಿತ್ರ, ಕೈಕೆಲಸ ಇವುಗಳ ಮೂಲಕ ಸುತ್ತಲಿನ ಜಗತ್ತನ್ನು ತಾವೇ ಕಂಡುಕೊಳ್ಳಬೇಕೆಂಬುದು ಅಲ್ಲಿನ ಕ್ರಮವಾಗಿತ್ತು. ಮಗು ತಾನು ನೋಡಿದ್ದನ್ನು ಬರೆಯಲಿ, ಮುಟ್ಟಿದ್ದನ್ನು ಮಾಡಲಿ ಎಂಬುದು ಕಾರಂತರ ಶಿಕ್ಷಣ ವಿಚಾರದ ತಿರುಳು. ಶಾಲೆಯ ಕೊಠಡಿಯ ಹೊರಗಿರುವ ಮರ, ಹಕ್ಕಿ, ಕೆರೆಗಳನ್ನು ಪಠ್ಯವೆಂದು ಬಗೆದ ಕನ್ನಡದ ಆರಂಭಿಕ ಪ್ರಯತ್ನಗಳಲ್ಲಿ ಇದೂ ಒಂದು.

ಇದೇ ಉದ್ದೇಶದಿಂದ ಅವರು 1936ರಲ್ಲಿ ‘ಬಾಲ ಪ್ರಪಂಚ’ ಎಂಬ ಮಕ್ಕಳ ವಿಶ್ವಕೋಶವನ್ನು ಮೂರು ಸಂಪುಟಗಳಲ್ಲಿ ಹೊರತಂದರು. 1959ರಿಂದ ‘ವಿಜ್ಞಾನ ಪ್ರಪಂಚ’ ನಾಲ್ಕು ಸಂಪುಟಗಳಲ್ಲಿ ಪ್ರಕಟವಾಯಿತು. ಭೂಮಿ, ಆಕಾಶ, ಜೀವಸಂಕುಲಗಳ ವಿಷಯವನ್ನು ಇಂಗ್ಲಿಷ್ ಬಾರದ ಓದುಗರಿಗೂ ತಿಳಿಯುವಂತೆ ಬರೆಯುವ ಈ ಕೆಲಸವನ್ನು ಅವರು ಹೆಚ್ಚಾಗಿ ಒಬ್ಬರೇ ನಿರ್ವಹಿಸಿದರು.

ಪುತ್ತೂರಿನಲ್ಲಿ ನಡೆಯುತ್ತಿದ್ದ ದಸರಾ ನಾಡಹಬ್ಬದ ಹಿಂದೆಯೂ ಕಾರಂತರ ಶ್ರಮವಿತ್ತು. ಸಹಕಾರಿ ಕ್ಷೇತ್ರದ ಹಿರಿಯರಾದ ಮೊಳಹಳ್ಳಿ ಶಿವರಾಯರ ಬೆಂಬಲದಿಂದ ನಡೆದ ಈ ಹಬ್ಬಕ್ಕೆ ಕರ್ನಾಟಕದ ಬೇರೆ ಬೇರೆ ಭಾಗಗಳಿಂದ ಸಾಹಿತಿಗಳೂ ಕಲಾವಿದರೂ ಬರುತ್ತಿದ್ದರು. ಊರಿನವರೇ ವೇಷ ಕಟ್ಟಿ, ಊರಿನವರೇ ನೋಡುವ ಕಾರ್ಯಕ್ರಮಗಳು ಅಲ್ಲಿರುತ್ತಿದ್ದವು.

ಯಕ್ಷಗಾನ

ಕಾರಂತರು ಯಕ್ಷಗಾನದ ಬಗ್ಗೆ ದಶಕಗಳ ಕಾಲ ಕ್ಷೇತ್ರಕಾರ್ಯ ನಡೆಸಿದರು. ಹಳೆಯ ಪ್ರಸಂಗಗಳ ತಾಡವಾಲೆಗಳನ್ನು ಹುಡುಕಿದರು. ಹಿರಿಯ ಭಾಗವತರಿಂದ ರಾಗ, ತಾಳಗಳನ್ನು ಕೇಳಿ ದಾಖಲಿಸಿದರು. ಮುಖವರ್ಣಿಕೆ ಮತ್ತು ವೇಷಭೂಷಣಗಳ ಹಳೆಯ ಕ್ರಮವನ್ನು ಶೋಧಿಸಿದರು. ಈ ಅಧ್ಯಯನದ ಫಲವಾದ ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಲಭಿಸಿತು. 1970ರ ದಶಕದ ಆರಂಭದಲ್ಲಿ ಉಡುಪಿಯ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜಿನ ಆಶ್ರಯದಲ್ಲಿ ಯಕ್ಷಗಾನ ಕೇಂದ್ರ ಸ್ಥಾಪನೆಯಾದಾಗ ಕು.ಶಿ. ಹರಿದಾಸ ಭಟ್ಟರೊಡನೆ ಕಾರಂತರೂ ಅದಕ್ಕೆ ರೂಪು ಕೊಟ್ಟರು. ಅಲ್ಲಿ ಅವರು ಇಳಿವಯಸ್ಸಿನಲ್ಲಿಯೂ ಕಲಾವಿದರಿಗೆ ಸ್ವತಃ ಹೆಜ್ಜೆ ಹಾಕಿ ತೋರಿಸಿ ನಿರ್ದೇಶನ ನೀಡುತ್ತಿದ್ದರು.

ಅವರ ಯಕ್ಷಗಾನ ಪ್ರಯೋಗಗಳು ವಿವಾದಕ್ಕೆ ಹೊರತಾಗಿರಲಿಲ್ಲ. ರಾತ್ರಿಯಿಡೀ ನಡೆಯುವ ಆಟವನ್ನು ಅವರು ಕೆಲವೇ ಗಂಟೆಗಳಿಗೆ ಇಳಿಸಿದರು. ಪಾತ್ರಧಾರಿಗಳ ಆಶು ಮಾತುಗಾರಿಕೆಯನ್ನು ಕೈಬಿಟ್ಟು ನೃತ್ಯ ಮತ್ತು ಸಂಗೀತಕ್ಕೆ ಪ್ರಾಧಾನ್ಯವಿತ್ತರು. ಹಿಮ್ಮೇಳದಲ್ಲಿ ಪಿಟೀಲು, ಸ್ಯಾಕ್ಸೋಫೋನ್‌ಗಳನ್ನು ಬಳಸಿದರು. ಇದರಿಂದ ಕನ್ನಡ ತಿಳಿಯದ ಹೊರನಾಡಿನ ಪ್ರೇಕ್ಷಕರಿಗೂ ಯಕ್ಷಗಾನ ತಲುಪಿತು. ಆದರೆ ಮಾತು ಹೋದೊಡನೆ ಊರಿನ ಆಗುಹೋಗುಗಳನ್ನು ಪುರಾಣದ ನೆಪದಲ್ಲಿ ಆಡಿ ತೋರಿಸುವ ಅವಕಾಶವೂ, ಹಾಸ್ಯಗಾರನಿಗೂ ನೋಡುಗರಿಗೂ ಇದ್ದ ಸಲಿಗೆಯೂ ಕಡಿಮೆಯಾಯಿತು ಎಂದು ವಿಮರ್ಶಕರು ಆಕ್ಷೇಪಿಸಿದರು. ದೂರದವರನ್ನು ಮುಟ್ಟಲು ಹೊರಟ ಕಲೆ ಹತ್ತಿರದವರ ಪಾಲುಗಾರಿಕೆಯನ್ನು ಎಷ್ಟರಮಟ್ಟಿಗೆ ಬಿಟ್ಟುಕೊಡಬಹುದು ಎಂಬ ಈ ಪ್ರಶ್ನೆ ಇಂದಿಗೂ ಇತ್ಯರ್ಥವಾಗಿಲ್ಲ.

ಕಾದಂಬರಿಗಳಲ್ಲಿ ನಿಸರ್ಗ

ಕಾರಂತರ ಪ್ರಮುಖ ಕಾದಂಬರಿಗಳಲ್ಲಿ ನೆಲ, ನೀರು, ಕಾಡುಗಳು ಕಥೆಯ ಹಿನ್ನೆಲೆಯಾಗಿ ಮಾತ್ರ ಉಳಿಯುವುದಿಲ್ಲ.

1933ರಲ್ಲಿ ಪ್ರಕಟವಾದ ‘ಚೋಮನ ದುಡಿ’ಯ ನಾಯಕ ಚೋಮ ತುಂಡು ನೆಲದಲ್ಲಿ ಬೇಸಾಯ ಮಾಡುವ ಆಸೆಯನ್ನು ಕೊನೆಯವರೆಗೂ ಈಡೇರಿಸಿಕೊಳ್ಳಲಾಗದ ದಲಿತ. ತನ್ನ ಸಂಕಟವನ್ನು ಅವನು ತೋಡಿಕೊಳ್ಳುವುದು ದುಡಿಯ ಬಡಿತದಲ್ಲಿ. ‘ಮರಳಿ ಮಣ್ಣಿಗೆ’ ಕಾದಂಬರಿಯಲ್ಲಿ ಕಡಲಂಚಿನ ಕುಟುಂಬವೊಂದರ ಮೂರು ತಲೆಮಾರಿನ ಬಾಳು ಚಿತ್ರಿತವಾಗಿದೆ. ಮಳೆಗಾಲದ ಅಬ್ಬರ, ನೆರೆ, ಉಪ್ಪುನೀರು, ಸಾಲದ ಹೊರೆ ಇವುಗಳ ನಡುವೆ ಹೆಂಗಸರು ಹೊಲಮನೆಗಳನ್ನು ಕಾಪಾಡಿಕೊಂಡು ಬರುವ ಬಗೆ ಅದರಲ್ಲಿ ಕಾಣಸಿಗುತ್ತದೆ. 1943ರ ‘ಬೆಟ್ಟದ ಜೀವ’ದಲ್ಲಿ ಕುಮಾರಪರ್ವತದ ತಪ್ಪಲಿನ ಕಾಡನ್ನು ಕಡಿದು ತೋಟ ಮಾಡಿದ ಗೋಪಾಲಯ್ಯ ಮತ್ತು ಶಂಕರಿಯರ ದಾಂಪತ್ಯವಿದೆ. ಕಾಡಿನ ಮೇಲಿನ ಮಮತೆ ಮತ್ತು ಕಾಡನ್ನು ಕಡಿಯುವ ದುಡಿಮೆ ಒಬ್ಬನೇ ವ್ಯಕ್ತಿಯಲ್ಲಿ ಒಟ್ಟಿಗಿರುವುದನ್ನು ಲೇಖಕರು ಮರೆಮಾಚುವುದಿಲ್ಲ. ‘ಕುಡಿಯರ ಕೂಸು’ ಮಲೆಕುಡಿಯರ ಜೀವನವನ್ನು ಆಧರಿಸಿದ ಕೃತಿ.

ಈ ಕೃತಿಗಳು ಪರಿಸರ ಪ್ರಚಾರಕ್ಕೆಂದು ಬರೆದವುಗಳಲ್ಲ. ಆದರೂ ಋತುಮಾನದ ಏರುಪೇರು ಬಡವರ ಅಡುಗೆಮನೆಯನ್ನು ಹೇಗೆ ತಟ್ಟುತ್ತದೆ ಎಂಬುದನ್ನು ಅಂಕಿಅಂಶಗಳಿಲ್ಲದೆ ಮನಗಾಣಿಸುವುದರಿಂದ ಪರಿಸರ ಸಾಹಿತ್ಯದ ಅಧ್ಯಯನದಲ್ಲಿ ಇವುಗಳಿಗೆ ಸ್ಥಾನವಿದೆ.

ಪರಿಸರ ಹೋರಾಟಗಳು

1980ರ ದಶಕದಲ್ಲಿ ಕರ್ನಾಟಕದಲ್ಲಿ ಪರಿಸರ ಚಳವಳಿಗಳು ಬಲಗೊಂಡವು. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನರು ಕಾಡಿಗೆ ನಡೆದು ಮರಗಳನ್ನು ಅಪ್ಪಿ ಹಿಡಿದರು. ಅಲ್ಲಿಂದ ಹಬ್ಬಿದ ಅಪ್ಪಿಕೋ ಚಳವಳಿ ಪಾದಯಾತ್ರೆ, ಜಾನಪದ ಕುಣಿತ, ಬೀದಿ ನಾಟಕಗಳನ್ನು ಪ್ರಚಾರ ಸಾಧನಗಳಾಗಿ ಬಳಸಿತು. ಈ ಹೊತ್ತಿಗೆ ಎಂಬತ್ತು ದಾಟಿದ್ದ ಕಾರಂತರು ಸಾಲಿಗ್ರಾಮದಲ್ಲಿ ನೆಲೆಸಿದ್ದರು. ವಿಶ್ರಾಂತಿಯ ವಯಸ್ಸಿನಲ್ಲಿ ಅವರು ಮತ್ತೆ ಊರೂರು ಸುತ್ತತೊಡಗಿದರು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಸಿದ್ಧಪಡಿಸಿದ ಭಾರತದ ಪರಿಸರ ಸ್ಥಿತಿಗತಿಯ ವರದಿಯನ್ನು ಅವರು ಕನ್ನಡಕ್ಕೆ ತಂದರು.

ಕಿತ್ತಿಕೋ–ಹಚ್ಚಿಕೋ

1984ರಲ್ಲಿ ರಾಜ್ಯ ಸರ್ಕಾರವು ಖಾಸಗಿ ಉದ್ದಿಮೆಯೊಂದರ ಜೊತೆಗೂಡಿ ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಕಂಪನಿಯನ್ನು ರಚಿಸಿತು. ಕಾರ್ಖಾನೆಗೆ ಬೇಕಾದ ನೀಲಗಿರಿ ಬೆಳೆಸಲು ಸುಮಾರು 30,000 ಹೆಕ್ಟೇರ್ ಭೂಮಿಯನ್ನು ಅದಕ್ಕೆ ವಹಿಸಿಕೊಡುವ ಯೋಜನೆಯಿತ್ತು. ಆ ಭೂಮಿಯಲ್ಲಿ ಬಹುಪಾಲು ಹಳ್ಳಿಗರು ದನ ಮೇಯಿಸಲು, ಸೌದೆ ಸೊಪ್ಪು ತರಲು ಆಶ್ರಯಿಸಿದ್ದ ಗೋಮಾಳ ಮತ್ತು ಹುಲ್ಲುಗಾವಲು. ಧಾರವಾಡದ ಸಮಾಜ ಪರಿವರ್ತನ ಸಮುದಾಯವು ಎಸ್.ಆರ್. ಹಿರೇಮಠರ ನೇತೃತ್ವದಲ್ಲಿ ಇದನ್ನು ವಿರೋಧಿಸಿತು. ಸರ್ವೋಚ್ಚ ನ್ಯಾಯಾಲಯಕ್ಕೆ ಸಲ್ಲಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ಕಾರಂತರೂ ಅರ್ಜಿದಾರರಾಗಿದ್ದರು. 1987ರ ಮಾರ್ಚ್‌ನಲ್ಲಿ ನ್ಯಾಯಾಲಯ ತಡೆಯಾಜ್ಞೆ ನೀಡಿತು.

1987ರ ನವೆಂಬರ್ 14ರಂದು ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಕಿತ್ತಿಕೋ–ಹಚ್ಚಿಕೋ ಸತ್ಯಾಗ್ರಹ ನಡೆಯಿತು. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಹಚ್ಚುವುದೆಂದರೆ ಸಸಿ ನೆಡುವುದು. ಹೆಂಗಸರೂ ವಾದ್ಯದವರೂ ಮುಂದಾಗಿ ಮೆರವಣಿಗೆ ಹೊರಟಿತು. ಜನರು ನೀಲಗಿರಿ ಸಸಿಗಳನ್ನು ಸಾಂಕೇತಿಕವಾಗಿ ಕಿತ್ತು, ಅದೇ ನೆಲದಲ್ಲಿ ಹಣ್ಣು ಮತ್ತು ಮೇವು ಕೊಡುವ ಸಸಿಗಳನ್ನು ನೆಟ್ಟರು. ಇದು ರಂಗಪ್ರದರ್ಶನವಲ್ಲ, ಕಾನೂನುಭಂಗ ಚಳವಳಿ. ಆದರೂ ಮೆರವಣಿಗೆ, ವಾದ್ಯ, ಎಲ್ಲರೂ ಕೂಡಿ ಮಾಡುವ ಒಂದು ಸರಳ ಕ್ರಿಯೆ ಇವುಗಳಿಂದಾಗಿ ಇದಕ್ಕೆ ಹಳ್ಳಿಯ ಆಚರಣೆಯ ಸ್ವರೂಪವಿತ್ತು. ಬೇಡವಾದುದನ್ನು ಕೀಳುವುದು, ಬೇಕಾದುದನ್ನು ನೆಡುವುದು ಎಂಬ ಎರಡೇ ಕೆಲಸಗಳಲ್ಲಿ ಅರಣ್ಯ ನೀತಿಯ ತೊಡಕಿನ ವಾದವೆಲ್ಲ ಅಡಗಿತ್ತು. 1991ರಲ್ಲಿ ಸರ್ಕಾರವು ಆ ಜಂಟಿ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು.

ಕೈಗಾ ವಿರೋಧ

ಉತ್ತರ ಕನ್ನಡ ಜಿಲ್ಲೆಯ ಕಾರವಾರ ತಾಲ್ಲೂಕಿನಲ್ಲಿ, ಕಾಳಿ ನದಿಯ ಕಣಿವೆಯಲ್ಲಿ ಅಣು ವಿದ್ಯುತ್ ಸ್ಥಾವರ ಸ್ಥಾಪಿಸುವ ನಿರ್ಧಾರವನ್ನು ಕಾರಂತರು ಬಲವಾಗಿ ವಿರೋಧಿಸಿದರು. ಪಶ್ಚಿಮ ಘಟ್ಟದ ದಟ್ಟ ಅರಣ್ಯ, ನದಿ ಮತ್ತು ಮುಂದಿನ ಪೀಳಿಗೆಯ ಸುರಕ್ಷತೆ ಅವರ ಆತಂಕದ ವಿಷಯಗಳಾಗಿದ್ದವು. 1989ರ ಲೋಕಸಭಾ ಚುನಾವಣೆಯಲ್ಲಿ, ತಮ್ಮ 87ನೇ ವಯಸ್ಸಿನಲ್ಲಿ, ಪರಿಸರ ರಕ್ಷಣೆಯನ್ನೇ ಮುಖ್ಯ ವಿಷಯವಾಗಿಸಿಕೊಂಡು ಉತ್ತರ ಕನ್ನಡವನ್ನೊಳಗೊಂಡ ಕೆನರಾ ಕ್ಷೇತ್ರದಿಂದ ಸ್ಪರ್ಧಿಸಿದರು. ಗೆಲ್ಲುವುದಕ್ಕಿಂತಲೂ ವಿಷಯವನ್ನು ಮನೆಮನೆಗೆ ಒಯ್ಯುವುದು ಈ ಸ್ಪರ್ಧೆಯ ಉದ್ದೇಶವಾಗಿತ್ತೆಂದು ಹಲವರು ಭಾವಿಸಿದ್ದಾರೆ. ಸಭೆಗಳಿಗೆ ಜನ ಬಂದರು. ಮತದ ಲೆಕ್ಕದಲ್ಲಿ ಕಾರಂತರು ಸೋತರು.

1994ರ ಮೇ ತಿಂಗಳಲ್ಲಿ ನಿರ್ಮಾಣದ ಹಂತದಲ್ಲಿದ್ದ ಕೈಗಾದ ಮೊದಲ ಘಟಕದ ಗುಮ್ಮಟದ ಒಳಭಾಗ ಕುಸಿಯಿತು. ಸುರಕ್ಷತೆಯ ಕುರಿತ ಚರ್ಚೆಗೆ ಇದು ಮತ್ತೆ ಬಲ ತಂದಿತಾದರೂ ಯೋಜನೆ ನಿಲ್ಲಲಿಲ್ಲ. ಕಾರಂತರ ನಿಧನಾನಂತರ, 2000ನೇ ಇಸವಿಯಲ್ಲಿ ಮೊದಲ ಎರಡು ಘಟಕಗಳು ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಇಂದು ತಲಾ 220 ಮೆಗಾವಾಟ್ ಸಾಮರ್ಥ್ಯದ ನಾಲ್ಕು ಘಟಕಗಳು ಅಲ್ಲಿವೆ.

ಹವಾಮಾನ ಬದಲಾವಣೆಯ ಚರ್ಚೆ ಮತ್ತು ಕಾರಂತರು

ಹವಾಮಾನ ಬದಲಾವಣೆ ಕುರಿತ ಅಂತರ ಸರ್ಕಾರಿ ಸಮಿತಿ ಸ್ಥಾಪನೆಯಾದದ್ದು 1988ರಲ್ಲಿ. ಈ ಬಗ್ಗೆ ವಿಶ್ವಸಂಸ್ಥೆಯ ಒಪ್ಪಂದಕ್ಕೆ ರಿಯೊ ನಗರದಲ್ಲಿ ದೇಶಗಳು ಸಹಿ ಹಾಕಿದ್ದು 1992ರಲ್ಲಿ. ಹೀಗಾಗಿ ಕಾರಂತರ ಸಾರ್ವಜನಿಕ ಜೀವನದ ಬಹುಭಾಗ ಈ ಚರ್ಚೆಗಿಂತ ಹಿಂದಿನದು. ಅವರ ಹೋರಾಟ ಕಾಡು, ನದಿ, ಸಾಮುದಾಯಿಕ ಭೂಮಿ ಮತ್ತು ಅಣುಸ್ಥಾವರಗಳಿಗೆ ಸಂಬಂಧಿಸಿತ್ತು. ಅವರನ್ನು ಹವಾಮಾನ ಹೋರಾಟಗಾರರೆಂದು ಕರೆಯುವುದು ಕಾಲಕ್ಕೆ ಹೊಂದದ ಮಾತಾಗುತ್ತದೆ.

ಕೈಗಾ ಪ್ರಕರಣವು ಈ ಸಂದರ್ಭದಲ್ಲಿ ವಿಶೇಷ ಗಮನಾರ್ಹ. ಅಣುಶಕ್ತಿಯ ಉತ್ಪಾದನೆಯಲ್ಲಿ ಇಂಗಾಲದ ಡೈಆಕ್ಸೈಡ್ ಅತಿ ಕಡಿಮೆ ಹೊರಬರುವುದರಿಂದ ಭೂಮಿಯ ತಾಪ ತಡೆಯಲು ಅದು ಅಗತ್ಯವೆಂದು ಇಂದು ಒಂದು ಪಕ್ಷ ವಾದಿಸುತ್ತದೆ. ವಿಕಿರಣ ತ್ಯಾಜ್ಯ, ಅಪಘಾತದ ಭಯ ಮತ್ತು ಅರಣ್ಯನಾಶವನ್ನು ಇನ್ನೊಂದು ಪಕ್ಷ ಮುಂದಿಡುತ್ತದೆ. ಒಂದು ಪರಿಸರ ಕಾಳಜಿಗೆ ಇನ್ನೊಂದು ಪರಿಸರ ಕಾಳಜಿ ಎದುರಾಗಿ ನಿಲ್ಲುವ ಈ ಸನ್ನಿವೇಶ ಕಾರಂತರ ಕಾಲದಲ್ಲಿ ಇಷ್ಟು ಸ್ಪಷ್ಟವಾಗಿರಲಿಲ್ಲ.

ಕಾರಂತರಿಂದ ದೊರೆಯುವ ಮುಖ್ಯ ಪಾಠ ವಿಧಾನಕ್ಕೆ ಸಂಬಂಧಿಸಿದ್ದು. ಬಾಲವನದ ಮಗು, ನಾಡಹಬ್ಬದ ವೇಷಧಾರಿ, ಕುಸನೂರಿನಲ್ಲಿ ಸಸಿ ನೆಟ್ಟ ಹೆಣ್ಣುಮಗಳು ಇವರೆಲ್ಲ ವಿಷಯವನ್ನು ಕೇಳಿ ತಿಳಿದವರಲ್ಲ, ಮಾಡಿ ತಿಳಿದವರು. ಹವಾಮಾನ ಬದಲಾವಣೆಯು ಕಣ್ಣಿಗೆ ನೇರವಾಗಿ ಕಾಣದ, ನಿಧಾನವಾಗಿ ನಡೆಯುವ ವಿದ್ಯಮಾನವಾದ್ದರಿಂದ ಅದನ್ನು ವಿವರಿಸಲು ನಕ್ಷೆ ಮತ್ತು ಕೋಷ್ಟಕಗಳಷ್ಟೇ ಸಾಲವು. ಜನ ತಾವೇ ಪಾಲ್ಗೊಳ್ಳುವ ಕಲೆ ಅಲ್ಲಿ ನೆರವಾಗಬಲ್ಲದು. ಅದರ ಮಿತಿಯನ್ನೂ ಕಾರಂತರ ಬದುಕು ತೋರಿಸುತ್ತದೆ. ಕುಸನೂರಿನಲ್ಲಿ ಜನರ ಮೇವು, ಸೌದೆಗಳ ಪ್ರಶ್ನೆಯೇ ಚಳವಳಿಯಾಗಿತ್ತು. ನ್ಯಾಯಾಲಯದ ಬೆಂಬಲವೂ ಇತ್ತು. ಅಲ್ಲಿ ಫಲ ದೊರೆಯಿತು. ಕೈಗಾದಲ್ಲಿ ಅಪಾಯ ಭವಿಷ್ಯದ್ದಾಗಿತ್ತು; ಹಿರಿಯ ಸಾಹಿತಿಯೊಬ್ಬರ ಮೇಲಿದ್ದ ಜನರ ಗೌರವ ಮತವಾಗಿ ಪರಿವರ್ತನೆಯಾಗಲಿಲ್ಲ.

ಕೊನೆಯ ವರ್ಷಗಳು ಮತ್ತು ನಿಧನ

ಕಾರಂತರು 1955ರಲ್ಲಿ ಮೈಸೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. ಭಾರತ ಸರ್ಕಾರ ನೀಡಿದ್ದ ಪದ್ಮಭೂಷಣ ಪ್ರಶಸ್ತಿಯನ್ನು ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಹಿಂದಿರುಗಿಸಿದರು. ತೊಂಬತ್ತು ದಾಟಿದ ಮೇಲೂ ಅವರ ಬರವಣಿಗೆ ನಿಲ್ಲಲಿಲ್ಲ. ಅಂತಿಮ ವರ್ಷಗಳಲ್ಲಿ ಹಕ್ಕಿಗಳನ್ನು ಕುರಿತು ಪುಸ್ತಕ ಬರೆದರು. 1997ರ ಡಿಸೆಂಬರ್ 9ರಂದು ಮಣಿಪಾಲದಲ್ಲಿ ನಿಧನರಾದರು. ಹುಲಿಗಳ ಅಧ್ಯಯನಕ್ಕೆ ಹೆಸರಾದ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಇವರ ಪುತ್ರ.

ಸ್ಮರಣೆ

ಪುತ್ತೂರಿನ ಬಾಲವನ ಇಂದು ಕಾರಂತರ ಸ್ಮಾರಕವಾಗಿ ಉಳಿದಿದೆ. ಮಂಗಳೂರಿನ ಸಮೀಪದ ಪಿಲಿಕುಳ ನಿಸರ್ಗಧಾಮಕ್ಕೆ ಅವರ ಹೆಸರನ್ನು ಇಡಲಾಗಿದೆ. ಕೋಟತಟ್ಟಿನಲ್ಲಿ ಅವರ ನೆನಪಿನ ಥೀಮ್ ಪಾರ್ಕ್ ಇದೆ. ‘ಚೋಮನ ದುಡಿ’, ‘ಬೆಟ್ಟದ ಜೀವ’, ‘ಮೂಕಜ್ಜಿಯ ಕನಸುಗಳು’ ಕಾದಂಬರಿಗಳು ಚಲನಚಿತ್ರಗಳಾಗಿವೆ.